ಮೂರು ತಾಲ್ಲೂಕಿನ ಒಬ್ಬ ಹೆಂಡತಿ

ಗುಮಾಸ್ತೆ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟವಾದದ್ದು ಯಾವುದು ಎಂದು ನನ್ನ ತಮ್ಮನ ಮಗಳು ಮೊನ್ನೆ ಕೇಳಿದಳು. ಅವಳಿಗೆ ಈಗಷ್ಟೇ ಕಚೇರಿಯಲ್ಲಿ ಕೆಲಸ ಸಿಕ್ಕಿದೆ. ಟೈಪು ಮಾಡಲು ಬರುತ್ತದೆ, ಇಂಗ್ಲಿಷಿನಲ್ಲಿ ಪತ್ರ ಬರೆಯಲು ಬರುತ್ತದೆ, ಮೊದಲ ಐದು ವರ್ಷ ನನಗೆ ಬಾರದಿದ್ದುದೆಲ್ಲ ಅವಳಿಗೆ ಬರುತ್ತದೆ. ‘ಓದುವುದು’ ಎಂದೆ. ನಕ್ಕಳು. ನಾನು ತಮಾಷೆಗೆ ಹೇಳಿರಲಿಲ್ಲ. ಮೇಜಿನ ಮೇಲೆ ಬಂದ ಕಾಗದ ಏನು ಕೇಳುತ್ತಿದೆ ಎಂದು ತಿಳಿದುಕೊಳ್ಳುವುದರಲ್ಲೇ ನನ್ನ ಸೇವೆಯೆಲ್ಲ ಕಳೆಯಿತು. ಎಷ್ಟೋ ಸಲ ತಿಳಿಯದೆಯೇ ಉತ್ತರ ಬರೆದಿದ್ದೇನೆ. ಅಂಥ ಒಂದು ಉತ್ತರದಿಂದ ಒಬ್ಬ ಹೆಣ್ಣುಮಗಳ ಬಾಳು ಕೆಡುವುದರಲ್ಲಿತ್ತು. ತಮ್ಮನ ಮಗಳಿಗೆಂದು ಅದನ್ನು ಬರೆದಿಡುತ್ತಿದ್ದೇನೆ.

ನಾನು ಕೆಲಸಕ್ಕೆ ಸೇರಿದ್ದು ಮೂವತ್ತರ ದಶಕದಲ್ಲಿ, ಮಹಾರಾಜರ ಆಳ್ವಿಕೆಯಲ್ಲಿ. ಮೊದಲು ಹೊಳೆನರಸೀಪುರ, ಆಮೇಲೆ ಅರಕಲಗೂಡು, ಅಲ್ಲಿಂದ ಹಾಸನ. ಆಗ ಕಚೇರಿಗೆಲ್ಲ ಒಂದೇ ಟೈಪ್‌ರೈಟರು, ಅದು ಸಾಹೇಬರ ಕೋಣೆಯ ಪಕ್ಕದಲ್ಲಿ ಬಟ್ಟೆ ಹೊದ್ದು ಕೂತಿರುತ್ತಿತ್ತು. ಮಿಕ್ಕ ನಾವೆಲ್ಲ ಶಾಯಿಪುಡಿ ಕಲಸಿ, ಸ್ಟೀಲು ನಿಬ್ಬಿನಲ್ಲಿ ಬರೆಯುತ್ತಿದ್ದೆವು. ಒಂದು ಪತ್ರಕ್ಕೆ ನಾಲ್ಕು ನಕಲು ಬೇಕೆಂದರೆ ನಾಲ್ಕು ಸಲ ಬರೆಯಬೇಕು. ಮೂರನೆಯ ಸಲಕ್ಕೆ ಕೈ ಮಾತ್ರ ಓಡುತ್ತಿರುತ್ತದೆ, ತಲೆ ಎಲ್ಲೋ ಇರುತ್ತದೆ. ಒಮ್ಮೆ ಶ್ರವಣಬೆಳಗೊಳಕ್ಕೆ ಹೋಗಬೇಕಾದ ಕಟ್ಟನ್ನು ಮೈಸೂರಿನ ಹತ್ತಿರದ ಬೆಳಗೊಳಕ್ಕೆ ಕಳಿಸಿಬಿಟ್ಟಿದ್ದೆ. ಅದು ಹೋಗಿ, ತಿರುಗಿ, ಮೂರು ಕಚೇರಿಗಳ ಷರಾ ಹೊತ್ತುಕೊಂಡು ನನ್ನ ಮೇಜಿಗೇ ಬಂತು.

ಹಾಸನದಲ್ಲಿ ನನ್ನ ಮೇಲಿದ್ದವರು ಶಿರಸ್ತೇದಾರ್ ಸುಬ್ಬರಾಯರು. ಗುಮಾಸ್ತರ ಕೆಲಸವನ್ನೆಲ್ಲ ನೋಡಿ ಸಾಹೇಬರ ರುಜುವಿಗೆ ಕಳಿಸುವ ಹೊಣೆ ಅವರದು. ಒಳ್ಳೆಯವರು, ಆದರೆ ಬೈಯುವುದು ಗೊತ್ತಿಲ್ಲ. ತಪ್ಪಿದ್ದರೆ ಕಾಗದದ ಅಂಚಿನಲ್ಲಿ ‘ಮತ್ತೊಮ್ಮೆ ಓದಿ’ ಎಂದು ಬರೆದು ಹಿಂದಕ್ಕೆ ಕಳಿಸುವರು. ಎಲ್ಲಿ ತಪ್ಪು ಎಂದು ಹೇಳುತ್ತಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನಿಸುತ್ತಿತ್ತು.

ಯುದ್ಧ ಮುಗಿದ ಮರುವರ್ಷ ಬೆಂಗಳೂರಿನ ಮೇಲಿನ ಕಚೇರಿಯಿಂದ ಒಂದು ಕಾಗದ ಬಂತು. ಅದು ಹೊರಟದ್ದು ಆಫ್ರಿಕಾದ ನೈರೋಬಿಯಿಂದ. ತಮ್ಮೇಗೌಡ ಎಂಬಾತ ಅಲ್ಲಿ ಬಡಗಿ. ಕೊಣನೂರಿನ ಸಂತೆಗೆ ನಡೆದು ಹೋಗಿಬರುವಷ್ಟು ಹತ್ತಿರದ ಒಂದು ಹಳ್ಳಿಯವನು. ಮರಗೆಲಸ ಕಲಿತು, ಯಾರೋ ಮೇಸ್ತ್ರಿಯ ಜೊತೆ ಮುಂಬಯಿಗೆ ಹೋಗಿ, ಅಲ್ಲಿಂದ ಹಡಗು ಹತ್ತಿದ್ದ. ಮೂರು ವರ್ಷಕ್ಕೆ ಬಂದು ಹೆಂಡತಿಯನ್ನು ಕರೆದುಕೊಂಡು ಹೋಗುತ್ತೇನೆ ಎಂದಿದ್ದವನಿಗೆ ಯುದ್ಧ ಅಡ್ಡ ಬಂತು. ಹತ್ತು ವರ್ಷವಾಗಿತ್ತು. ಈಗ ಹೆಂಡತಿಯನ್ನು ಕಳಿಸಿಕೊಡಿ ಎಂದು ಅಲ್ಲಿಂದಲೇ ಅರ್ಜಿ ಹಾಕಿದ್ದ. ಇವತ್ತಿನವರು ವೀಸಾ ಎನ್ನುತ್ತಾರೆ. ನಮ್ಮ ಕಡತದ ಮೇಲೆ ಪ್ರವೇಶ ಪರವಾನಗಿ ಎಂದು ಬರೆದಿತ್ತು. ಆಕೆ ಅವನ ಹೆಂಡತಿ ಹೌದೇ, ಒಬ್ಬಳೇ ಹೆಂಡತಿಯೇ, ವಿಚಾರಿಸಿ ತಿಳಿಸಿ ಎಂಬುದು ನಮಗೆ ಬಂದ ಹುಕುಂ.

ಇಂಥ ಕಾಗದವನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ಜಮೀನು ಯಾರದೆಂದು ಕೇಳಿದರೆ ಪಹಣಿ ನೋಡಿ ಹೇಳಬಹುದು. ಹೆಂಡತಿ ಯಾರವಳೆಂದು ಯಾವ ಪುಸ್ತಕ ನೋಡುವುದು? ಮದುವೆಯನ್ನು ಯಾರೂ ಬರೆಸುತ್ತಿರಲಿಲ್ಲ. ಊರೆಲ್ಲ ಉಂಡು ಹೋದರೆ ಅದೇ ದಾಖಲೆ. ಅರ್ಜಿಯಲ್ಲಿ ಮೂರು ಊರುಗಳ ಹೆಸರಿತ್ತು. ಅವನ ಸ್ವಂತ ಊರು ಅರಕಲಗೂಡು ತಾಲ್ಲೂಕಿನಲ್ಲಿ, ಹೆಂಡತಿಯ ತವರು ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ಕಡೆ, ಮದುವೆ ನಡೆದದ್ದು ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ. ಹೆಂಡತಿಯ ಹೆಸರು ಲಕ್ಷ್ಮಮ್ಮ. ಮೂರು ತಾಲ್ಲೂಕಿಗೂ ಬರೆದೆ.

ಮೂರು ಉತ್ತರಗಳು ಬಂದವು. ತಮ್ಮೇಗೌಡನ ಹೆಂಡತಿ ಲಕ್ಷ್ಮಮ್ಮ ಗಂಡನ ಮನೆಯಲ್ಲೇ ಇದ್ದಾಳೆ ಎಂದು ಅರಕಲಗೂಡಿನಿಂದ ಬಂತು. ಲಕ್ಷ್ಮಮ್ಮ ಎಂಬ ಹೆಣ್ಣುಮಗಳು ಈ ಊರಿನಲ್ಲಿ ಹುಟ್ಟಿಲ್ಲ, ತಮ್ಮೇಗೌಡನಿಗೆ ಕೊಟ್ಟಿದ್ದು ನಿಂಗಮ್ಮನನ್ನು ಎಂದು ಹೊಳೆನರಸೀಪುರದಿಂದ. ಇಲ್ಲಿ ಆತ ಮದುವೆಯಾದದ್ದು ಪುಟ್ಟತಾಯಮ್ಮನನ್ನು ಎಂದು ಚನ್ನರಾಯಪಟ್ಟಣದಿಂದ. ಮೂರರ ಕೆಳಗೂ ಊರಿನ ಹಿರಿಯರ ರುಜು, ಹೆಬ್ಬೆಟ್ಟು. ನಾನು ಮೂರನ್ನೂ ಮುಂದೆ ಹರವಿಕೊಂಡು ಕೂತೆ. ಬಹಳ ಹೊತ್ತು ಕೂತೆ. ಕೊನೆಗೆ, ನನಗೆ ತಿಳಿದ ಇಂಗ್ಲಿಷಿನಲ್ಲಿ, ಅರ್ಜಿದಾರನಿಗೆ ಮೂರು ತಾಲ್ಲೂಕಿನಲ್ಲಿ ಮೂವರು ಹೆಂಡಿರು ಇರುವಂತೆ ಕಾಣುತ್ತದೆ ಎಂದು ಬರೆದೆ. ಸುಬ್ಬರಾಯರು ಆಗ ಮಗಳ ಬಾಣಂತನಕ್ಕೆಂದು ರಜೆಯಲ್ಲಿದ್ದರು. ಸಾಹೇಬರು ರುಜು ಹಾಕಿದರು. ಕಾಗದ ಹೊರಟಿತು. ತಪ್ಪು ಯಾರ ಮೇಲೂ ಹಾಕುವಂತಿಲ್ಲ, ಪೂರ್ತಿ ನನ್ನದು.

ನಾಲ್ಕು ತಿಂಗಳಾದ ಮೇಲೆ ಜವಾಬು ಬಂತು. ಪರವಾನಗಿ ತಡೆಹಿಡಿದಿದ್ದರು. ಅಷ್ಟೇ ಆಗಿದ್ದರೆ ಪರವಾಗಿಲ್ಲ. ಸುಳ್ಳು ಅರ್ಜಿ ಕೊಟ್ಟವನೆಂದು ತಮ್ಮೇಗೌಡನನ್ನು ಕರೆಸಿ ವಿಚಾರಿಸಿದ್ದರು, ಅವನನ್ನೇ ಅಲ್ಲಿಂದ ಏಕೆ ಹೊರಗೆ ಕಳಿಸಬಾರದು ಎಂದು ಕೇಳಿದ್ದರು. ಅವನು ತನಗೆ ಒಬ್ಬಳೇ ಹೆಂಡತಿ, ಬೇರೆ ಏನೂ ಗೊತ್ತಿಲ್ಲ ಎಂದು ಅತ್ತನಂತೆ. ಅತ್ತದ್ದನ್ನೂ ಆ ಅಧಿಕಾರಿ ಬರೆದಿದ್ದ.

ಅಷ್ಟರಲ್ಲಿ ರಜೆಯಿಂದ ಬಂದಿದ್ದ ಸುಬ್ಬರಾಯರು ಇಡೀ ಕಡತ ಓದಿ, ಎಂದಿನಂತೆ ಅಂಚಿನಲ್ಲಿ ಬರೆದು ನನ್ನ ಮೇಜಿಗೆ ಕಳಿಸಿದರು. ನಾಲ್ಕು ಸಲ ಓದಿದೆ. ಏನೂ ಕಾಣಲಿಲ್ಲ. ಎದ್ದುಹೋಗಿ ಅವರ ಮುಂದೆ ನಿಂತೆ.

“ಮೂವರು ಹೆಂಡಿರಿಗೆ ಎಷ್ಟು ಜನ ಮಾವಂದಿರಿರಬೇಕು?” ಎಂದು ಕೇಳಿದರು.

ಮೂವರು ಎಂದೆ.

“ಮೂರು ವರದಿಯಲ್ಲೂ ಹುಡುಗಿಯ ತಂದೆಯ ಹೆಸರು ಬೋರೇಗೌಡ ಅಂತಿದೆ. ಅಕ್ಕತಂಗಿಯರೋ, ಒಬ್ಬಳೇನೋ, ನೀವೇ ಹೋಗಿ ಕಣ್ಣಲ್ಲಿ ನೋಡ್ಕೊಂಡು ಬನ್ನಿ.”

ಮೇಜಿಗೆ ಹಿಂದಿರುಗಿ ನೋಡಿದೆ. ಮೂರು ಕಾಗದದಲ್ಲೂ ಆ ಹೆಸರು ಎರಡನೆಯ ಸಾಲಿನಲ್ಲೇ ಇತ್ತು.

ಬಸ್ಸಿನಲ್ಲಿ ಅರಕಲಗೂಡಿಗೆ, ಅಲ್ಲಿಂದ ಕೊಣನೂರಿಗೆ, ಆಮೇಲೆ ನಡಿಗೆ. ಗೌಡರ ಮನೆ ದೊಡ್ಡದು. ತಮ್ಮೇಗೌಡನ ಅಣ್ಣ ದೊಡ್ಡೇಗೌಡ ಮನೆಯ ಯಜಮಾನ, ತಾಯಿ ನಿಂಗಮ್ಮನವರು ಗಟ್ಟಿ ಮುದುಕಿ. ಆ ಹೆಸರು ಕೇಳಿಯೇ ನನಗೆ ಮತ್ತೆ ಗಲಿಬಿಲಿಯಾಯಿತು. ತವರಿನವರು ಹುಡುಗಿಯ ಹೆಸರೆಂದು ಬರೆದದ್ದೂ ನಿಂಗಮ್ಮನೇ ಅಲ್ಲವೇ?

“ಅತ್ತೆ ಎಸ್ರೇ ಸೊಸೆಗಿದ್ರೆ ಕೂಗೋದೆಂಗೆ ಸಾ?” ಎಂದರು ಮುದುಕಿ. “ಅದ್ಕೆ ಮನೆ ತುಂಬಿಸ್ಕಂಡ ದಿನ್ವೇ ಲಕ್ಷ್ಮಮ್ಮ ಅಂತ ಮಾಡ್ಕಂಡೋ.”

ಮಿಕ್ಕದ್ದನ್ನೂ ಅವರೇ ಬಿಡಿಸಿ ಹೇಳಿದರು. ಹುಡುಗಿಗೆ ಚಿಕ್ಕಂದಿನಲ್ಲೇ ತಂದೆ ತೀರಿಹೋಗಿದ್ದ. ಶ್ರವಣಬೆಳಗೊಳದ ಹತ್ತಿರದ ಸೋದರಮಾವ ಸಾಕಿ, ತನ್ನ ಮನೆಯ ಮುಂದೆಯೇ ಚಪ್ಪರ ಹಾಕಿಸಿ ಮದುವೆ ಮಾಡಿದ್ದ. ಅಲ್ಲಿ ಎಲ್ಲರೂ ಕರೆಯುತ್ತಿದ್ದುದು ಪುಟ್ಟತಾಯಿ ಎಂದು. ಅಷ್ಟರಲ್ಲಿ ಒಳಗಿನಿಂದ ಮಜ್ಜಿಗೆ ತಂದ ಹೆಂಗಸು ಲೋಟ ಕೆಳಗಿಟ್ಟು, ಬಾಗಿಲ ಪಕ್ಕ ನಿಂತು, “ಮೂರೂ ನಾನೇ ಸಾ” ಎಂದಳು. ಇಪ್ಪತ್ತೈದರ ಪ್ರಾಯ, ಎತ್ತರದ ಆಳು. ಎಡಹುಬ್ಬಿನ ಮೇಲೆ ಒಂದು ಹಳೆಯ ಗಾಯದ ಗುರುತು.

ಗಂಡನ ಹೆಸರು ಹೇಳಮ್ಮ ಎಂದೆ, ಹೇಳಿಕೆಗೆ ಬೇಕಾಗಿತ್ತು. ಅವಳು ಅತ್ತೆಯ ಮುಖ ನೋಡಿದಳು. ಅತ್ತೆ, ದೊಡ್ಡೋನ ತಮ್ಮ ಅಂತ ಬರ್ಕೊಳ್ಳಿ ಎಂದರು. ಸರ್ಕಾರ ಅದನ್ನು ಒಪ್ಪುತ್ತದೆಯೇ ಎಂದು ಯೋಚಿಸುತ್ತ, ಕೊನೆಗೆ ಹೆಸರು ನಾನೇ ಬರೆದು, ಹೌದೇ ಎಂದು ಕೇಳಿ, ಅವಳು ತಲೆಯಾಡಿಸಿದ ಮೇಲೆ ಹೊರಟುಬಂದೆ.

ಇಷ್ಟಕ್ಕೆ ಮುಗಿಯಬೇಕಿತ್ತು. ಮೂರು ಹೆಸರಿನ ಕಥೆಯನ್ನು ಸುಬ್ಬರಾಯರೇ ಇಂಗ್ಲಿಷಿನಲ್ಲಿ ತಿದ್ದಿ ಬರೆದರು. ಆದರೆ ಸಾಹೇಬರು, ಒಮ್ಮೆ ತಪ್ಪು ಬರೆದವರ ಮಾತನ್ನು ಈಗ ಯಾರು ನಂಬುತ್ತಾರೆ, ಹೆಂಗಸಿನ ಫೋಟೋ ಇಟ್ಟು ಕಳಿಸಿ, ಗಂಡನೇ ನೋಡಿ ಒಪ್ಪಲಿ ಎಂದರು. ಆಗ ಅದೇ ಹೊಸ ಪದ್ಧತಿ. ನಮಗೂ ಸರಿ ಎನಿಸಿತು. ಲಕ್ಷ್ಮಮ್ಮನನ್ನು ಭಾವ, ಅತ್ತೆ ಕರೆದುಕೊಂಡು ಹಾಸನಕ್ಕೆ ಬಂದರು. ಓರಗಿತ್ತಿಯ ಸೀರೆ, ಕೊರಳಿಗೆ ಅತ್ತೆಯ ಅಡ್ಡಿಕೆ, ಮುಖಕ್ಕೆ ಸ್ಟುಡಿಯೋದವನ ಪೌಡರು. ಉಸಿರು ಹಿಡಿದು ಕೂತಳು. ಫೋಟೋ ಬಂದಾಗ ಬಹಳ ಲಕ್ಷಣವಾಗಿತ್ತು. ನಾವೆಲ್ಲ ಮೆಚ್ಚಿಕೊಂಡೆವು. ಮುಖದಲ್ಲಿದ್ದದ್ದು ಏನು ಅದರಲ್ಲಿ ಇಲ್ಲ ಎಂದು ಆಗ ಯಾರಿಗೂ ಹೊಳೆಯಲಿಲ್ಲ.

ಮಳೆಗಾಲ ಕಳೆದು ಉತ್ತರ ಬಂತು. ಊರಿಗೆ ತೆಗೆದುಕೊಂಡು ಹೋಗಿ ತಿಳಿಸಿ ಎಂದು ಸಾಹೇಬರು ನನ್ನನ್ನೇ ಕಳಿಸಿದರು. ಮೇಲಿನ ಕಾಗದದಲ್ಲಿ ಇಂತಿಂಥ ನಂಬರಿನ ಪತ್ರಕ್ಕೆ ಲಗತ್ತು ಎಂದಷ್ಟೇ ಇತ್ತು. ಒಳಗೆ ತಮ್ಮೇಗೌಡ ಕನ್ನಡದಲ್ಲಿ ಬರೆದ ಹಾಳೆ ಮಡಚಿಕೊಂಡಿತ್ತು. ಒಳ್ಳೆಯ ಸುದ್ದಿಯೇ ಇರಬೇಕೆಂದುಕೊಂಡು ಮೊದಲೇ ಬಿಡಿಸಿ ನೋಡಲಿಲ್ಲ. ಜಗಲಿಯಲ್ಲಿ ಊರಿನ ಹತ್ತು ಜನ ಕೂತಿದ್ದರು. ಗಟ್ಟಿಯಾಗಿ ಓದಲು ಶುರುಮಾಡಿದೆ. ‘ಕಳಿಸಿರುವ ಪಟದಲ್ಲಿರುವ ಹೆಂಗಸು ನನ್ನ ಹೆಂಡತಿ ಅಲ್ಲ. ನನ್ನ ಹೆಂಡತಿಗೆ ಹುಬ್ಬಿನ ಮೇಲೆ ಗಾಯದ ಗುರುತಿದೆ, ಬಣ್ಣ ಕಪ್ಪು, ಸಣ್ಣ ಆಳು. ಇವರು ಯಾರೆಂದು ನನಗೆ ತಿಳಿಯದು.’ ಓದಿ ಮುಗಿಸಿದ ಮೇಲೆಯೇ ನಾನು ಓದಿದ್ದೇನೆಂದು ನನಗೆ ಗೊತ್ತಾದದ್ದು.

ದೊಡ್ಡೇಗೌಡ ನಿಧಾನವಾಗಿ, “ಅಂಗಾರೆ ಇವ್ಳು ಯಾರು?” ಎಂದ.

ಹತ್ತು ವರ್ಷದಿಂದ ಆ ಮನೆಯಲ್ಲಿ ಅವನಿಗೆ ಅನ್ನ ಬಡಿಸಿದವಳು ಬಾಗಿಲ ಹಿಂದೆಯೇ ನಿಂತಿದ್ದಳು. ಅವನಿಗೂ ಅದು ಮೂರ್ಖ ಮಾತೆಂದು ಗೊತ್ತಿದ್ದಿರಬೇಕು. ಆದರೆ ಅಕ್ಷರದಲ್ಲಿ ಬಂದದ್ದಕ್ಕೆ, ಸಮುದ್ರ ದಾಟಿ ಮೊಹರು ಹೊತ್ತು ಬಂದದ್ದಕ್ಕೆ ಅವನು ಹೆದರಿದ್ದ. ಗಂಡನೇ ಬೇಡವೆಂದು ಬರೆದ ಎಂದು ಸಂಜೆಯೊಳಗೆ ಊರಿಗೆಲ್ಲ ಹಬ್ಬಿತು. ನಿಂಗಮ್ಮನವರು ಮಾತ್ರ ಕೋಲು ಕುಟ್ಟಿ, “ನಾನೇ ಓಗಿ ನೋಡಿ ತಂದ ಎಣ್ಣು ಕಣ್ಲಾ. ನನ್ ಮಗನ್ಗೆ ಕಣ್ಣು ಮಂಜಾಗಿರ್ಬೇಕು” ಎಂದರು. ದೊಡ್ಡೇಗೌಡ ತಾಯಿಯ ಮಾತು ಕೇಳಲಿಲ್ಲ. ಇತ್ಯರ್ಥವಾಗುವ ತನಕ ಇರಲಿ ಎಂದು ಅವಳನ್ನು ಶ್ರವಣಬೆಳಗೊಳದ ಕಡೆಗೆ, ಸೋದರಮಾವನ ಮನೆಗೆ ಕಳಿಸಿದ.

ನನ್ನ ಸೇವೆಯಲ್ಲಿ ಇದಕ್ಕಿಂತ ದೊಡ್ಡ ತಪ್ಪು ನಾನು ಮಾಡಿಲ್ಲ. ಮೂವರು ಹೆಂಡಿರು ಎಂದು ಬರೆದದ್ದು ದಡ್ಡತನ. ಕಾಗದವನ್ನು ಮೊದಲು ಒಬ್ಬನೇ ಓದಿಕೊಳ್ಳದೆ ಜಗಲಿಯಲ್ಲಿ ಓದಿದ್ದು ಅದಕ್ಕಿಂತ ಕೆಟ್ಟದ್ದು. ಹಾಸನಕ್ಕೆ ಬಂದವನೇ ಸ್ಟುಡಿಯೋಗೆ ಹೋದೆ. ಫೋಟೋದವನು ಹೆಮ್ಮೆಯಿಂದ, ಹುಬ್ಬಿನ ಗಾಯವನ್ನು ನೆಗೆಟಿವ್ ಗಾಜಿನ ಮೇಲೆ ಪೆನ್ಸಿಲಿನಿಂದ ತಿದ್ದಿ ತಾನೇ ಅಳಿಸಿದ್ದಾಗಿ ಹೇಳಿದ. ಎಲ್ಲರಿಗೂ ಹಾಗೆ ಮಾಡಿಕೊಡುತ್ತಾನಂತೆ. ಅದಕ್ಕೆ ಪೌಡರಿನ ಬಿಳುಪು ಸೇರಿ, ಹದಿನೈದರ ಹುಡುಗಿ ಇಪ್ಪತ್ತೈದರ ಹೆಂಗಸಾಗಿ, ಗಂಡ ಗುರುತಿಸುವುದಾದರೂ ಹೇಗೆ?

ಸುಬ್ಬರಾಯರು ಸಾಹೇಬರ ಜೊತೆ ಮಾತಾಡಿ ಅವಳನ್ನು ಹೇಳಿಕೆಗೆ ಕರೆಸಿದರು. ಅವಳು ಸೋದರಮಾವನ ಜೊತೆ ಚನ್ನರಾಯಪಟ್ಟಣದ ಬಸ್ಸಿನಲ್ಲಿ ಬಂದಳು. ನಿಂಗಮ್ಮನವರು ಮಗನಿಗೆ ಹೇಳದೆ ಕೊಣನೂರಿನಿಂದ ಒಬ್ಬರೇ ಬಂದಿದ್ದರು. ಅವಳು ಬಡವಾಗಿದ್ದಳು. ಅತ್ತೆಯನ್ನು ಕಂಡು ಕಾಲು ಮುಟ್ಟಿ ಪಕ್ಕಕ್ಕೆ ನಿಂತಳು. ನಾನು ಅವಳ ಮುಖ ನೋಡಲಾರದೆ ಶಾಯಿಬುಡ್ಡಿ ನೋಡುತ್ತ ಕೂತೆ.

ಗಾಯ ಕಾಣುವ ಹಾಗೆ ಇನ್ನೊಂದು ಫೋಟೋ ತೆಗೆಸೋಣ ಎಂದು ಸಾಹೇಬರು ಸೂಚಿಸಿದರು. ಅವಳು ಬೇಡವೆಂದು ತಲೆಯಾಡಿಸಿದಳು.

“ಮಕ ನೋಡಿ ಅಲ್ಲ ಅಂದವ್ರೆ ಸಾ. ಇನ್ನೊಂದು ಪಟ ಕಳ್ಸಿದ್ರೆ ಗಾಯ ಬರ್ದವ್ರೆ ಅಂತಾರೆ. ನಾನೊಂದ್ ಮಾತು ಯೋಳ್ತೀನಿ, ಅದ ಬರ್ಕೊಳ್ಳಿ.”

ನಾನು ನಿಬ್ಬು ಅದ್ದಿಕೊಂಡೆ. ಅವಳು ಗೋಡೆ ನೋಡುತ್ತ ಹೇಳಿದಳು.

“ಅವ್ರು ಒಂಟೋದ ದಿನ ಇತ್ಲಲ್ಲಿ ಅಲಸಿನ ಮರದ ತಾವ ಚೆಂಬಲ್ಲಿ ನೀರು ಇಡ್ಕಂಡು ನಿಂತಿದ್ದೋಳು ನಾನೇಯ. ಆವತ್ತು ಕಂಡದ್ದ ಇವತ್ತಿನ್ಗಂಟ ಯಾರ್ಗೂ ಯೋಳಿಲ್ಲ.”

ಅಷ್ಟೇ. ಏನು ಕಂಡೆಯಮ್ಮ ಎಂದು ಸಾಹೇಬರು ಕೇಳಿದರು. ಯಾರಿಗೂ ಹೇಳುವುದಿಲ್ಲ ಎಂದು ಅವರಿಗೆ ಮಾತು ಕೊಟ್ಟಿದ್ದೇನೆ ಎಂದಳು. ಸರ್ಕಾರಕ್ಕೆ ಹೇಳಬಹುದು ಎಂದರು. ಸರ್ಕಾರಕ್ಕೂ ಇಲ್ಲ ಎಂದಳು. ಅವಳು ಅಲ್ಲಿಯವರೆಗೆ ಹಟ ಮಾಡಿದ್ದನ್ನು ನಾನು ಕಂಡಿರಲಿಲ್ಲ. ಈ ಒಂದು ವಿಷಯಕ್ಕೆ ಬಂಡೆಯ ಹಾಗೆ ನಿಂತುಬಿಟ್ಟಳು. ಇದು ಒಂದು ಸಾಕ್ಷ್ಯವೇ, ಮೇಲಿನವರು ನಮ್ಮನ್ನು ನೋಡಿ ನಗುವುದಿಲ್ಲವೇ ಎಂದು ಸಾಹೇಬರು ಪೆನ್ನು ಕೆಳಗಿಟ್ಟರು.

ಆಗ ಸುಬ್ಬರಾಯರು, “ಅದು ನಮಗೆ ಹೇಳಿದ ಮಾತಲ್ಲ ಸಾರ್. ಆತನಿಗೆ ಹೇಳಿದ್ದು. ತಲುಪಿಸೋದಷ್ಟೇ ನಮ್ಮ ಕೆಲಸ” ಎಂದರು.

ಸಾಹೇಬರು ಪೆನ್ನು ಎತ್ತಿಕೊಂಡು ಹೇಳಿಕೆಗೆ ರುಜು ಹಾಕಿದರು. ಹಲಸಿನ ಮರಕ್ಕೆ ಇಂಗ್ಲಿಷು ಸಿಕ್ಕಿತು, ಚೆಂಬಿಗೆ ಸಿಗಲಿಲ್ಲ. ಸುಬ್ಬರಾಯರೂ ನಾನೂ ಅರ್ಧ ಗಂಟೆ ತಿಣುಕಿ, ಹಿತ್ತಾಳೆಯ ಪಾತ್ರೆ ಎಂದು ಬರೆದೆವು. ಜೊತೆಗೆ ಅವಳ ಮಾತನ್ನು ಕನ್ನಡದಲ್ಲೇ, ಒಂದಕ್ಷರ ತಿದ್ದದೆ, ಬೇರೆ ಹಾಳೆಯಲ್ಲಿ ಬರೆದು ಲಗತ್ತಿಸಿದೆ. ಫೋಟೋದವನು ಗಾಯ ಅಳಿಸಿದ್ದನ್ನೂ ತಿಳಿಸಿದೆವು. ಆವತ್ತು ನಾನು ಬರೆದದ್ದನ್ನು ಐದು ಸಲ ಓದಿದೆ.

ಅವಳು ಸೋದರಮಾವನ ಮನೆಗೆ ಹಿಂದಿರುಗಿದಳು. ಆಮೇಲಿನ ತಿಂಗಳುಗಳಲ್ಲಿ ಟಪಾಲಿನ ಚೀಲ ಬಿಚ್ಚುವ ಹೊತ್ತಿಗೆ ನಾನೇ ಹೋಗಿ ನಿಲ್ಲುತ್ತಿದ್ದೆ. ಅವಳು ಹೇಳಿದ್ದು ಅವನಿಗೆ ನೆನಪೇ ಇಲ್ಲದಿದ್ದರೆ? ಹತ್ತು ವರ್ಷದಲ್ಲಿ ಮುಖ ಮರೆತವನು ಮರವನ್ನು ನೆನಪಿಟ್ಟಿರುತ್ತಾನೆಯೇ? ಅಥವಾ ಮೊದಲೇ ಬೇಡವಾಗಿ, ಗಾಯದ ನೆಪ ಮಾಡಿದ್ದರೆ? ದಿನಕ್ಕೊಂದು ಥರ ಯೋಚನೆ ಬರುತ್ತಿತ್ತು.

ಕೊನೆಗೆ ಬಂತು. ಈ ಸಲ ಬಾಗಿಲು ಹಾಕಿಕೊಂಡು ಓದಿದೆ. ಪರವಾನಗಿ ಮಂಜೂರಾಗಿತ್ತು. ಜೊತೆಗೆ ತಮ್ಮೇಗೌಡನ ಹೇಳಿಕೆಯ ನಕಲು. ‘ಆ ಮಾತು ಹೇಳಿದವರು ನನ್ನ ಹೆಂಡತಿಯೇ. ಅದು ಬೇರೆ ಯಾರಿಗೂ ಗೊತ್ತಿಲ್ಲ. ಪಟ ನೋಡಿ ಅಲ್ಲವೆಂದು ಬರೆದದ್ದು ನನ್ನ ತಪ್ಪು. ಅವಳು ಈಗಲೂ ಯಾರಿಗೂ ಹೇಳಬಾರದೆಂದು ದಯವಿಟ್ಟು ತಿಳಿಸುವುದು.’ ಅದರ ಕೆಳಗೆ ನೈರೋಬಿಯ ಅಧಿಕಾರಿ, ಅರ್ಜಿದಾರನ ಕೊನೆಯ ಕೋರಿಕೆಯನ್ನು ಸಂಬಂಧಪಟ್ಟ ಹೆಂಗಸಿಗೆ ತಲುಪಿಸಬಹುದು ಎಂದು ಬರೆದು ಮೊಹರು ಒತ್ತಿದ್ದ. ಬೆಂಗಳೂರಿನವರೂ ಅದನ್ನೇ ಬರೆದು ಮೊಹರು ಒತ್ತಿದ್ದರು. ಅದನ್ನು ತಲುಪಿಸಲು ಶ್ರವಣಬೆಳಗೊಳದ ಕಡೆಗೆ ನಾನು ಹೋದೆ. ಸೋದರಮಾವನೂ ಅವನ ಹೆಂಡತಿಯೂ ಆಚೆ ಹೋಗಲಿ ಎಂದು ಕಾದು, ಅವಳೊಬ್ಬಳಿಗೇ ಮೆಲ್ಲಗೆ ಓದಿದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು.

ದೊಡ್ಡೇಗೌಡ ತಾನೇ ಗಾಡಿ ಕಟ್ಟಿಸಿಕೊಂಡು ಹೋಗಿ ಕರೆತಂದ. ಮುಂಬಯಿಯವರೆಗೆ ತಾನೇ ಬಿಟ್ಟುಬರುತ್ತೇನೆ ಎಂದ. ಹೊರಡುವ ದಿನ ಹೊಳೆನರಸೀಪುರದ ಸ್ಟೇಷನ್ನಿಗೆ ನಾನೂ ಹೋಗಿದ್ದೆ. ಸರ್ಕಾರಿ ಕೆಲಸವೇನಿರಲಿಲ್ಲ, ನನಗೇ ಹೋಗಬೇಕೆನಿಸಿತು. ಜಗಲಿಯಲ್ಲಿ ಓದಿದ್ದಕ್ಕೆ ತಪ್ಪಾಯಿತಮ್ಮ ಎಂದು ಹೇಳಿದೆ. ಅವಳು, ಬುಡಿ ಸಾ, ಇನ್ನೊಂದ್ ಕಿತ ನಿಧಾನಕ್ಕೆ ಓದಿದ್ರಲ್ಲ ಎಂದಳು. ಗಾಡಿ ಬರುವುದಕ್ಕೆ ಮುಂಚೆ ನಿಂಗಮ್ಮನವರು ಸೊಸೆಯ ಕೈ ಹಿಡಿದು, ನನ್ನ ಮಗ ಆವತ್ತು ಏನು ಮಾಡಿಕೊಂಡಿದ್ದ, ನನಗಾದರೂ ಹೇಳು ಎಂದು ಕೇಳಿದರು. ನಾನು ಎರಡು ಹೆಜ್ಜೆ ಹತ್ತಿರ ಸರಿದು ನಿಂತೆ, ಸುಳ್ಳು ಹೇಳುವುದಿಲ್ಲ. ಅವಳು, ಅವರನ್ನೇ ಕೇಳಿ ಅತ್ತೆ ಎಂದು ಕಾಲಿಗೆ ಬಿದ್ದು ಗಾಡಿ ಹತ್ತಿದಳು.

ಮುದುಕಿ ಪ್ಲಾಟ್‌ಫಾರಮ್ಮಿನಲ್ಲೇ ಕೂತು ನನ್ನಿಂದ ಮಗನಿಗೆ ಕಾಗದ ಬರೆಸಿದರು. ಸೊಸೆಯನ್ನು ಚೆನ್ನಾಗಿ ನೋಡಿಕೋ, ಹಿತ್ತಲಲ್ಲಿ ಏನಾಯಿತು ಎಂದು ತಾಯಿಗೆ ಬರೆ, ಇಷ್ಟೇ.

ಅದಕ್ಕೆ ಉತ್ತರ ಬಂದದ್ದು ಬಹಳ ದಿನಗಳ ಮೇಲೆ. ನಿಂಗಮ್ಮನವರು ಅದನ್ನು ಓದಿಸಲು ಹಾಸನಕ್ಕೇ ಬಂದರು, ಊರಿನಲ್ಲಿ ಓದಿಸಲು ಅವರಿಗೆ ಧೈರ್ಯವಿರಲಿಲ್ಲ. ಸೊಸೆ ಸುಖವಾಗಿ ತಲುಪಿದ್ದು, ಹಡಗಿನಲ್ಲಿ ಏಳು ದಿನ ಏನೂ ತಿನ್ನದೆ ಮಲಗಿದ್ದು, ಅಲ್ಲಿಯ ಕೆಂಪು ಮಣ್ಣು, ರಾಗಿ ಸಿಗುತ್ತದೆಂಬ ಸಮಾಚಾರ, ಎಲ್ಲ ಇತ್ತು. ಹಿತ್ತಲಿನ ಮಾತು ಮಾತ್ರ ಇರಲಿಲ್ಲ. ಹಾಳೆ ತಿರುಗಿಸಿ ನೋಡಿದೆ, ಲಕೋಟೆಯೊಳಗೆ ಇಣುಕಿದೆ, ಮತ್ತೊಮ್ಮೆ ಮೊದಲಿನಿಂದ ಓದಿದೆ. ನಾನು ನಿವೃತ್ತನಾಗಿ ಇಷ್ಟು ವರ್ಷವಾದರೂ ಅಲ್ಲಿ ಏನು ನಡೆದಿತ್ತೆಂದು ನನಗೆ ಗೊತ್ತಿಲ್ಲ.

“ಬರ್ದಿಲ್ವಾ ಸಾ?” ಎಂದು ಮುದುಕಿ ಕೇಳಿದರು.

ಇಲ್ಲ ಎಂದೆ.

ಅವರು ಕಾಗದ ಇಸಿದುಕೊಂಡು, ಮಡಚಿ, ಜೊತೆಗೆ ತಂದಿದ್ದ ಬಾಳೆಕಾಯಿಯ ಚೀಲದೊಳಗೆ ಇಟ್ಟುಕೊಂಡರು.

“ಇಬ್ರೂ ಒಂದಾಗ್ಬುಟ್ರು ಬುಡಿ” ಎಂದು ಎದ್ದರು.